‘ಸ್ವಲ್ಪ ತಿಂದ್ರೆ ಏನಾಗುತ್ತೆ?’: ಗೋಧಿ ಬಿಟ್ಟರೂ ವಾಸಿಯಾಗದ ನನ್ನ ಹೊಟ್ಟೆಯ ಕಥೆ

ಮೆಟ್ರೋದಲ್ಲೋ ಬಸ್ಸಲ್ಲೋ ಇಯರ್‌ಫೋನ್ ಹಾಕ್ಕೊಂಡು ಕೇಳ್ತಿದ್ದೀರಿ ಅಂದ್ಕೊಳ್ತೀನಿ. ಕೈಯಲ್ಲಿ ತಿಂಡಿ ಇದ್ದರೆ ಮೊದಲು ಮುಗಿಸಿಬಿಡಿ. ಇವತ್ತಿನ ಮಾತು ಹೊಟ್ಟೆಯದ್ದು.

ನನಗೆ ಸೀಲಿಯಾಕ್ ಕಾಯಿಲೆ ಇದೆ. ಗೋಧಿ, ಬಾರ್ಲಿ, ರೈ ಧಾನ್ಯಗಳಲ್ಲಿ ಗ್ಲುಟನ್ ಅನ್ನೋ ಪ್ರೋಟೀನ್ ಇರುತ್ತೆ. ಅದು ಒಳಗೆ ಹೋದರೆ ನನ್ನ ರೋಗನಿರೋಧಕ ವ್ಯವಸ್ಥೆ ನನ್ನದೇ ಸಣ್ಣ ಕರುಳಿನ ಮೇಲೆ ದಾಳಿ ಮಾಡುತ್ತೆ. ಆಹಾರ ಹೀರಿಕೊಳ್ಳೋಕೆ ಅಂತ ಕರುಳಿನ ಒಳಗೋಡೆಯಲ್ಲಿ ಬೆರಳಿನಂಥ ಪುಟ್ಟ ಪುಟ್ಟ ಚಾಚುಗಳಿವೆ. ಅವು ಸವೆದು ಚಪ್ಪಟೆಯಾಗುತ್ತವೆ. ಆಮೇಲೆ ಎಷ್ಟು ತಿಂದರೂ ಮೈಗೆ ಹತ್ತೋದಿಲ್ಲ.

ನಮ್ಮ ಕಡೆ ಇದು ಅಪರೂಪ. 2016ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಉತ್ತರ ಭಾರತದಲ್ಲಿ ನೂರಕ್ಕೆ 1.23 ಮಂದಿಯ ರಕ್ತದಲ್ಲಿ ಈ ಕಾಯಿಲೆಯ ಸುಳಿವು ಕೊಡೋ ಪ್ರತಿಕಾಯಗಳು ಕಂಡುಬಂದವು. ದಕ್ಷಿಣದಲ್ಲಿ 0.10, ಅಂದರೆ ಸಾವಿರಕ್ಕೆ ಒಬ್ಬರು. ಹಾಗಾಗಿ ನಮ್ಮ ನೆಂಟರು ಯಾರೂ ನಂಬಲಿಲ್ಲ. ‘ಚಪಾತಿ ತಿಂದ್ರೆ ಯಾರಿಗಾದ್ರೂ ಕಾಯಿಲೆ ಬರುತ್ತೇನೇ? ಸ್ವಲ್ಪ ತಿಂದ್ರೆ ಏನಾಗುತ್ತೆ?’ ಅಂತಿದ್ರು.

ಈ ಕಾಯಿಲೆಗೆ ಪಥ್ಯವೇ ಔಷಧಿ, ಅದೂ ಜೀವನಪೂರ್ತಿ. ನಾನು ಚಪಾತಿ, ಬ್ರೆಡ್ಡು, ಬಿಸ್ಕತ್ತು, ರವೆ, ಮೈದಾ ಎಲ್ಲಾ ಬಿಟ್ಟೆ. ಬೇಜಾರಾಗಲಿಲ್ಲ, ಯಾಕಂದ್ರೆ ನಾನು ತುಮಕೂರು ಕಡೆಯವಳು. ರಾಗಿಯಲ್ಲಿ ಗ್ಲುಟನ್ ಇಲ್ಲ. ಅಮ್ಮ ಪ್ರತಿ ತಿಂಗಳೂ ರಾಗಿ ಹಸನು ಮಾಡಿ, ಬೀಸಿಸಿ, ಬಸ್ಸಿಗೆ ಹಾಕಿ ಬೆಂಗಳೂರಿಗೆ ಕಳಿಸ್ತಿದ್ರು.

ಒಂದು ವರ್ಷ ದಾಟಿತು. ಭೇದಿ ನಿಲ್ಲಲಿಲ್ಲ. ಹೊಟ್ಟೆ ಉಬ್ಬರ, ಸುಸ್ತು, ರಕ್ತದಲ್ಲಿ ಕಬ್ಬಿಣದಂಶ ಕಡಿಮೆ. ಮತ್ತೆ ಎಂಡೋಸ್ಕೋಪಿ ಮಾಡಿದರು. ಕರುಳು ಚೇತರಿಸಿಕೊಂಡಿರಲಿಲ್ಲ. ‘ಹೊರಗಡೆ ಏನಾದ್ರೂ ತಿಂತಿದ್ದೀರಾ?’ ಅಂತ ಡಾಕ್ಟರ್ ಕೇಳಿದರು. ಇಲ್ಲ ಅಂದೆ. ಮನೆಗೆ ಬಂದು ತುಂಬಾ ಅತ್ತೆ. ಕಳ್ಳತನ ಮಾಡದೆ ಸಿಕ್ಕಿಹಾಕಿಕೊಂಡ ಹಾಗಿತ್ತು.

ಪಥ್ಯ ಮಾಡಿದರೂ ವಾಸಿಯಾಗದೆ ಇರೋಕೆ ಹಲವು ಕಾರಣ ಇರಬಹುದು. ಹಾಲಿನ ಲ್ಯಾಕ್ಟೋಸ್ ಒಗ್ಗದಿರೋದು, ಸಣ್ಣ ಕರುಳಲ್ಲಿ ಬ್ಯಾಕ್ಟೀರಿಯಾ ಜಾಸ್ತಿಯಾಗೋದು, ಮೇದೋಜೀರಕ ಗ್ರಂಥಿಯ ತೊಂದರೆ. ನನಗೆ ಎಲ್ಲಾ ಪರೀಕ್ಷೆ ಆಯ್ತು, ಏನೂ ಸಿಗಲಿಲ್ಲ. ಆಗ ‘ರಿಫ್ರ್ಯಾಕ್ಟರಿ’ ಅನ್ನೋ ಪದ ಮೊದಲ ಸಲ ಕೇಳಿದೆ. ಪಥ್ಯಕ್ಕೆ ಬಗ್ಗದ ಸೀಲಿಯಾಕ್ ಅಂತ ಅರ್ಥ. ಅದಕ್ಕೆ ಸ್ಟೀರಾಯ್ಡ್ ಥರದ ಔಷಧಿ ಬೇಕಾಗುತ್ತೆ. ಅದರಲ್ಲೊಂದು ಬಗೆ ಕರುಳಿನ ಕ್ಯಾನ್ಸರ್‌ಗೂ ತಿರುಗಬಹುದು. ಆ ರಾತ್ರಿ ನಿದ್ದೆ ಬರಲಿಲ್ಲ.

ಔಷಧಿ ಶುರು ಮಾಡೋಕೆ ಮುಂಚೆ ಡಾಕ್ಟರ್ ನನ್ನನ್ನ ಒಬ್ಬ ಡಯಟಿಷಿಯನ್ ಹತ್ತಿರ ಕಳಿಸಿದರು. ಅವರು ಬೈಯಲಿಲ್ಲ. ಒಂದೇ ಪ್ರಶ್ನೆ ಕೇಳಿದರು: ‘ನಿಮ್ಮಮ್ಮ ರಾಗಿ ಎಲ್ಲಿ ಬೀಸಿಸ್ತಾರೆ?’

ನಮ್ಮ ಬೀದಿಯ ಹಿಟ್ಟಿನ ಗಿರಣಿಯಲ್ಲಿ. ಅದೇ ಕಲ್ಲು, ಅದೇ ಡಬ್ಬ. ಮುಂದಿನವರ ಗೋಧಿ ಮುಗಿದ ಮೇಲೆ ನಮ್ಮ ರಾಗಿ.

ಈಗ ಲೆಕ್ಕ ಕೇಳಿ. 2007ರ ಒಂದು ಅಧ್ಯಯನದ ಪ್ರಕಾರ, ದಿನಕ್ಕೆ 50 ಮಿಲಿಗ್ರಾಂ ಗ್ಲುಟನ್ ಮೂರು ತಿಂಗಳು ಹೊಟ್ಟೆಗೆ ಹೋದರೆ ಸೀಲಿಯಾಕ್ ಇರೋರ ಕರುಳಿಗೆ ಪೆಟ್ಟು ಬೀಳುತ್ತೆ. ಗೋಧಿ ಹಿಟ್ಟಲ್ಲಿ ಅದು ಒಂದು ಗ್ರಾಂಗೂ ಕಡಿಮೆ. ಒಂದು ಚಿಟಿಕೆ ಅಷ್ಟೇ. ಗಿರಣಿಯ ಕಲ್ಲಿನ ಸಂದಿಯಲ್ಲಿ ಅಷ್ಟು ಉಳಿಯೋದು ಕಷ್ಟವಾ? ಮನೆಯಲ್ಲಿದ್ದ ಇಂಗಿನ ಡಬ್ಬಿ ತಿರುಗಿಸಿ ನೋಡಿದರೆ ಅದರಲ್ಲೂ ಗೋಧಿ ಹಿಟ್ಟು ಅಂತ ಬರೆದಿತ್ತು. ದಿನಾ ಸಾರಿಗೆ ಹಾಕ್ತಿದ್ದೆ.

ಡಯಟಿಷಿಯನ್ ಆಮೇಲೆ ಅಮೆರಿಕದ ಬಾಲ್ಟಿಮೋರ್‌ನ ಒಂದು ಅಧ್ಯಯನದ ಬಗ್ಗೆ ಹೇಳಿದರು. ಮೇರಿಲ್ಯಾಂಡ್ ವಿಶ್ವವಿದ್ಯಾಲಯದಲ್ಲಿ ಅಲೆಸ್ಸಿಯೊ ಫಾಸಾನೊ ಅವರ ತಂಡ ಮಾಡಿದ್ದು, 2013ರಲ್ಲಿ ಪ್ರಕಟವಾಯ್ತು. ಪಥ್ಯ ಸರಿಯಾಗಿ ಮಾಡಿಯೂ ವಾಸಿಯಾಗದ 17 ಮಂದಿಗೆ ಇನ್ನೂ ಬಿಗಿಯಾದ ಆಹಾರಕ್ರಮ ಕೊಟ್ಟರು, ಮೂರರಿಂದ ಆರು ತಿಂಗಳು. ಧಾನ್ಯ ಅಂದರೆ ಅಕ್ಕಿ ಮಾತ್ರ. ತಾಜಾ ಹಣ್ಣು ತರಕಾರಿ, ಕಾಳು, ಮೊಟ್ಟೆ, ಮೀನು, ಮಾಂಸ, ಎಣ್ಣೆ, ಉಪ್ಪು. ಪ್ಯಾಕೆಟ್ ಆಹಾರ ಬೇಡ, ‘ಗ್ಲುಟನ್ ಫ್ರೀ’ ಅಂತ ಬರೆದಿದ್ದರೂ ಬೇಡ. ಬೇರೆ ಧಾನ್ಯಗಳು, ಸಿರಿಧಾನ್ಯ ಸಹ ಬೇಡ.

17ರಲ್ಲಿ 14 ಮಂದಿ ಸುಧಾರಿಸಿದರು. ಅವರಲ್ಲಿ 11 ಮಂದಿ ಆಮೇಲೆ ಮಾಮೂಲಿ ಗ್ಲುಟನ್ ರಹಿತ ಊಟಕ್ಕೆ ವಾಪಸ್ ಬಂದರು, ತೊಂದರೆ ಮರುಕಳಿಸಲಿಲ್ಲ. ‘ರಿಫ್ರ್ಯಾಕ್ಟರಿ’ ಅನ್ನೋ ಲೆಕ್ಕಕ್ಕೆ ಬರ್ತಿದ್ದ ಆರು ಜನರಲ್ಲಿ ಐವರು ಆ ಪಟ್ಟಿಯಿಂದಲೇ ಹೊರಬಂದರು. ಸಣ್ಣ ಅಧ್ಯಯನ, ನಿಜ. ಮೂವರಿಗೆ ಗುಣ ಕಾಣಲಿಲ್ಲ ಅನ್ನೋದನ್ನೂ ಮರೆಯಬೇಡಿ. ಆದರೆ ನನಗೆ ಅದು ಒಂದು ಬಾಗಿಲು.

ಕಷ್ಟದ ಕೆಲಸ ಅಮ್ಮನಿಗೆ ಫೋನ್ ಮಾಡೋದಾಗಿತ್ತು. ವಿಷಯ ಹೇಳಿದೆ. ತುಂಬಾ ಹೊತ್ತು ಸುಮ್ಮನಿದ್ರು. ಆಮೇಲೆ, ‘ಅಂದ್ರೆ ನನ್ನ ಕೈಯಾರೆ ಕೊಟ್ಟೆನಾ?’ ಅಂದ್ರು. ‘ಅಮ್ಮಾ, ನಿನಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ’ ಅಂದೆ. ಬೇರೆ ಏನು ಹೇಳಲಿ?

ಮೂರು ತಿಂಗಳು ಅನ್ನ, ಬೇಯಿಸಿದ ತರಕಾರಿ, ಆರಿಸಿ ತೊಳೆದ ಹೆಸರುಕಾಳು, ಮೊಟ್ಟೆ. ಹಸಿಮೆಣಸಿನಕಾಯಿ, ನಿಂಬೆಹಣ್ಣು. ಇಂಗಿಲ್ಲ, ಸಾರಿನ ಪುಡಿ ಇಲ್ಲ. ಆಫೀಸಿನ ಪಾರ್ಟಿಗಳಿಗೆ ಡಬ್ಬಿ ಹಿಡ್ಕೊಂಡು ಹೋಗ್ತಿದ್ದೆ. ಬೋರಾಗ್ತಿತ್ತು, ಸುಳ್ಳು ಯಾಕೆ ಹೇಳಲಿ. ಆದರೆ ಭೇದಿ ಕಡಿಮೆಯಾಗ್ತಾ ಬಂದು ನಿಂತಿತು. ತೂಕ ಏರಿತು. ಮುಂದಿನ ಎಂಡೋಸ್ಕೋಪಿಯಲ್ಲಿ ಕರುಳು ಚೇತರಿಸಿಕೊಳ್ತಿದೆ ಅಂದರು. ಸ್ಟೀರಾಯ್ಡ್ ಬೇಕಾಗಲಿಲ್ಲ.

ದಯವಿಟ್ಟು ಇದನ್ನ ಕೇಳಿಸಿಕೊಂಡು ನೀವೇ ಶುರು ಮಾಡಬೇಡಿ. ಇದು ತೂಕ ಇಳಿಸೋ ಡಯಟ್ ಅಲ್ಲ, ಶಾಶ್ವತವಾಗಿ ಮಾಡೋದೂ ಅಲ್ಲ. ಪೌಷ್ಟಿಕಾಂಶ ಕಡಿಮೆಯಾಗಬಹುದು. ಡಾಕ್ಟರ್, ಡಯಟಿಷಿಯನ್ ಜೊತೆಗಿರಬೇಕು. ಇನ್ನೊಂದು ಮಾತು: ಸೀಲಿಯಾಕ್ ಇರಬಹುದು ಅಂತ ಅನುಮಾನ ಇದ್ದರೆ ಪರೀಕ್ಷೆಗೆ ಮುಂಚೆ ಗೋಧಿ ಬಿಡಬೇಡಿ. ಬಿಟ್ಟರೆ ಪರೀಕ್ಷೆಯಲ್ಲಿ ಕಾಯಿಲೆ ಸಿಗದೇ ಹೋಗಬಹುದು.

ಈಗ ಮತ್ತೆ ರಾಗಿ ತಿಂತೀನಿ. ಅಮ್ಮ ಇಡೀ ಕಾಳನ್ನ ಕೇರಿ, ಆರಿಸಿ, ತೊಳೆದು, ಒಣಗಿಸಿ, ನನಗಂತಲೇ ಇಟ್ಟಿರೋ ಹೊಸ ಮಿಕ್ಸಿ ಜಾರಲ್ಲಿ ಪುಡಿ ಮಾಡಿ ಜರಡಿ ಹಿಡೀತಾರೆ. ಮುದ್ದೆ ಸ್ವಲ್ಪ ತರಿತರಿ ಆಗುತ್ತೆ. ಪರವಾಗಿಲ್ಲ.

ನಿಮ್ಮ ಪಿಜಿಯಲ್ಲೋ ಹಾಸ್ಟೆಲ್‌ನಲ್ಲೋ ಯಾರಾದರೂ ‘ನನಗೆ ಇದು ಆಗಲ್ಲ’ ಅಂದರೆ, ‘ಸ್ವಲ್ಪ ತಿಂದ್ರೆ ಏನಾಗುತ್ತೆ’ ಅಂತ ಮಾತ್ರ ಕೇಳಬೇಡಿ. ನನಗೆ ಒಂದು ವರ್ಷ ಕಾಯಿಲೆ ಹಿಡಿಸಿದ್ದು ಆ ಸ್ವಲ್ಪವೇ.