ನೀರು ಕುಡಿ ಅಂದಿದ್ದು ನಾನೇ

ಚಿಕ್ಕಮಗಳೂರಿನ ಕಾಫಿ ತೋಟಗಳ ನಡುವೆ ನನ್ನ ಹೆಂಡತಿ 80 ಕಿಲೋಮೀಟರ್ ಟ್ರೇಲ್ ರೇಸ್‌ಗೆ ಇಳಿದಿದ್ಳು, ನಾನು ಅವಳ ಕ್ರೂ. ಕ್ರೂ ಅಂದ್ರೆ ಏನಿಲ್ಲ, ಕಾರಲ್ಲಿ ಮುಂದಿನ ಏಡ್ ಸ್ಟೇಷನ್‌ಗೆ ಹೋಗಿ ಕಾಯೋದು. ಒಣ ಸಾಕ್ಸ್, ಹೆಡ್‌ಲ್ಯಾಂಪ್ ಬ್ಯಾಟರಿ, ಬೇಯಿಸಿದ ಆಲೂಗಡ್ಡೆ. ಕಾಲಿಗೆ ಹತ್ತಿದ ಇಂಬಳ ಕೀಳೋದೂ ನಮ್ಮದೇ ಕೆಲಸ.

ನನಗೆ ಗೊತ್ತಿದ್ದದ್ದು ಒಂದೇ ಮಾತು, 'ನೀರು ಕುಡಿ'. ಪ್ರತಿ ಸ್ಟಾಪಲ್ಲೂ ಬಾಟಲಿಗಟ್ಟಲೆ ಕುಡಿಸಿದೆ. 60 ದಾಟೋ ಹೊತ್ತಿಗೆ ಅವಳಿಗೆ ವಾಕರಿಕೆ, ತಲೆನೋವು. ಬೆರಳು ಊದಿ ಉಂಗುರ ಬಿಗಿಯಾಗಿತ್ತು. ನೀರು ಸಾಲ್ತಿಲ್ಲ ಅಂದ್ಕೊಂಡು ಮತ್ತೆ ಬಾಟಲಿ ಎತ್ತಿದೆ. ಅಲ್ಲಿದ್ದ ಡಾಕ್ಟರ್ ನನ್ನ ಕೈ ತಡೆದ್ರು.

ಬೆವರಲ್ಲಿ ಉಪ್ಪು ಹೋಗ್ತಾ ಇರುತ್ತೆ, ಮೇಲೆ ಬರೀ ನೀರು ಸುರಿದ್ರೆ ರಕ್ತದಲ್ಲಿ ಸೋಡಿಯಂ ಇಳಿಯುತ್ತೆ. ಹೈಪೊನಟ್ರೀಮಿಯಾ. ಹೆಚ್ಚಾದ್ರೆ ಮೆದುಳು ಊದಿ ಜೀವಕ್ಕೇ ಅಪಾಯ. 'ರಕ್ತ ಪರೀಕ್ಷೆ ಇಲ್ಲದೆ ಖಚಿತ ಹೇಳಕ್ಕಾಗಲ್ಲ, ಆದ್ರೆ ನೀರು ನಿಲ್ಸಿ. ಬಾಯಾರಿದಾಗ ಕುಡಿದ್ರೆ ಸಾಕು' ಅಂದ್ರು.

'ನಿಲ್ಲಿಸ್ತೀಯಾ?' ಅಂತ ನಾನು ಕೇಳಲೇಬಾರದು, ಅದು ನಮ್ಮಿಬ್ಬರ ಒಪ್ಪಂದ. ಕೇಳಿಬಿಟ್ಟೆ. ಅವಳು ಕಾರಿನ ಡಿಕ್ಕಿಯಲ್ಲಿ ಕೂತು ತುಂಬಾ ಹೊತ್ತು ಮಾತಾಡ್ಲಿಲ್ಲ. ಆಮೇಲೆ ಬಿಬ್ ಬಿಚ್ಚಿ ನನ್ನ ಕೈಗೆ ಕೊಟ್ಟಳು.

ಮುಂದಿನ ವರ್ಷ ಮತ್ತೆ ಓಡ್ತಾಳಂತೆ. ಕ್ರೂ ನಾನೇ ಅಂತೆ, ಬಾಟಲಿ ಮಾತ್ರ ಅವಳೇ ತುಂಬ್ಕೋತಾಳಂತೆ.