ಮಣ್ಣಿನ ಆಸರೆಯ ಕೋಳಿಗೂಡು

(ಮಲೆನಾಡಿನ ಗ್ರಾಮಸ್ಥರು ಹಾಗೂ ವಿದ್ಯಾರ್ಥಿಗಳಿಗಾಗಿ ನೀಡಿದ ಉಪನ್ಯಾಸದ ಪಠ್ಯ)



ಮಲೆನಾಡಿನ ಮನೆಗಳಲ್ಲಿ ಕೋಳಿ ಸಾಕಣೆ ದೊಡ್ಡ ಉದ್ಯಮವಲ್ಲ. ಹಿತ್ತಿಲಲ್ಲಿ ಹತ್ತಿಪ್ಪತ್ತು ನಾಟಿ ಕೋಳಿಗಳು, ಮೊಟ್ಟೆ ಮಾರಿದ ಹಣ ಮನೆಯ ಹೆಣ್ಣುಮಕ್ಕಳ ಕೈಗೆ, ಗೊಬ್ಬರ ಅಡಿಕೆ ಮರದ ಬುಡಕ್ಕೆ. ಇಷ್ಟೇ ಅದರ ಲೆಕ್ಕ. ಬೇಸಿಗೆಯ ಸೆಕೆ, ಮಳೆಗಾಲದ ಥಂಡಿ, ರಾತ್ರಿ ಹೊಂಚುವ ಕಾಡುಬೆಕ್ಕು, ಇವು ಆ ಸಣ್ಣ ಲೆಕ್ಕವನ್ನು ಕೆಡಿಸುತ್ತವೆ. ಎಲ್ಲಕ್ಕೂ ಒಂದೇ ಪರಿಹಾರವೆಂಬಂತೆ ನೆಲದೊಳಗಿನ ಕೋಳಿಗೂಡಿನ ಯೋಚನೆ ಹಲವರಿಗೆ ಹಿಡಿಸುತ್ತದೆ. ಮನೆಯ ಹಿಂದೆ ಧರೆ ಇದ್ದೇ ಇದೆ. ಅದನ್ನು ಕಡಿದು, ಒಳಗೆ ಗೂಡು ಕಟ್ಟಿ, ಮೇಲೆ ಮಣ್ಣು ಮುಚ್ಚಿದರೆ ಆಯಿತೆಂದು ತೋರುತ್ತದೆ. ಈ ಯೋಚನೆಯಲ್ಲಿ ಸತ್ಯವೆಷ್ಟು, ಅಪಾಯವೆಷ್ಟು ಎಂಬುದನ್ನು ಹಾರೆ ಎತ್ತುವ ಮೊದಲೇ ಅರಿಯುವುದು ಒಳ್ಳೆಯದು.

ಸತ್ಯದ ಭಾಗ ಹೀಗಿದೆ. ಮಣ್ಣು ಕಾಯುವುದೂ ನಿಧಾನ, ತಣಿಯುವುದೂ ನಿಧಾನ. ಹಗಲು ರಾತ್ರಿಗಳ ಉಷ್ಣತೆಯ ಏರಿಳಿತವು ಒಂದೂವರೆ, ಎರಡು ಅಡಿ ಆಳಕ್ಕಿಳಿಯುವಷ್ಟರಲ್ಲಿ ಬಹುಮಟ್ಟಿಗೆ ಅಡಗಿಹೋಗುತ್ತದೆ. ಕೋಳಿಯ ಮೈಯ ಉಷ್ಣತೆ ಸುಮಾರು 41 ಡಿಗ್ರಿ ಸೆಲ್ಸಿಯಸ್. ಅದಕ್ಕೆ ಬೆವರಿನ ಗ್ರಂಥಿಗಳಿಲ್ಲ. ಕೊಕ್ಕು ತೆರೆದು ಏದುಸಿರು ಬಿಟ್ಟೇ ಅದು ಮೈ ತಣಿಸಿಕೊಳ್ಳಬೇಕು. ಏಪ್ರಿಲ್ ತಿಂಗಳ ಮಧ್ಯಾಹ್ನ ತಗಡಿನ ಗೂಡಿನಲ್ಲಿ ಮೇವು ಬಿಟ್ಟು, ರೆಕ್ಕೆ ಅಗಲಿಸಿ ಕೂರುವ ಕೋಳಿಗೆ ಮಣ್ಣು ಒತ್ತಿದ ಗೋಡೆ ನಿಜಕ್ಕೂ ಉಪಕಾರಿ.

ಅಪಾಯದ ಭಾಗ ಜೂನ್ ತಿಂಗಳಲ್ಲಿ ಆರಂಭವಾಗುತ್ತದೆ. ಪುನರ್ವಸು, ಪುಷ್ಯ ಮಳೆಗಳು ಹಿಡಿದ ಮೇಲೆ ಮಲೆನಾಡಿನ ಧರೆಗಳಲ್ಲಿ ಜಲ ಒಡೆಯುತ್ತದೆ. ಬೇಸಿಗೆಯಲ್ಲಿ ಒಣಗಿ ನಿಂತಿದ್ದ ಗೋಡೆಯಿಂದಲೇ ನೀರು ಜಿನುಗುತ್ತದೆ. ಕೋಳಿಯ ಹಿಕ್ಕೆಯಲ್ಲಿ ಮುಕ್ಕಾಲು ಪಾಲು ನೀರೇ ಇರುತ್ತದೆ. ಅದಕ್ಕೆ ನೆಲದ ತೇವವೂ ಸೇರಿದರೆ ಹಾಸಿದ ಹೊಟ್ಟು ಒಣಗುವುದೇ ಇಲ್ಲ. ಒದ್ದೆ ಹಾಸಿನಲ್ಲಿ ಸೂಕ್ಷ್ಮಜೀವಿಗಳು ಹಿಕ್ಕೆಯನ್ನು ಕೊಳೆಸಿ ಅಮೋನಿಯಾ ಅನಿಲವನ್ನು ಬಿಡುಗಡೆ ಮಾಡುತ್ತವೆ. ಗಾಳಿಯ ಹತ್ತು ಲಕ್ಷ ಭಾಗಗಳಲ್ಲಿ ಅದು 25 ಭಾಗಗಳನ್ನು ಮೀರಬಾರದೆಂಬುದು ಕೋಳಿ ಸಾಕಣೆಯಲ್ಲಿ ರೂಢಿಯಲ್ಲಿರುವ ಮಿತಿ. ಮೀರಿದರೆ ಕಣ್ಣು ಉರಿಯುತ್ತದೆ, ಉಸಿರಿನ ನಾಳ ಸೊರಗುತ್ತದೆ, ರೋಗಕ್ಕೆ ದಾರಿಯಾಗುತ್ತದೆ. ರಕ್ತಭೇದಿ ತರುವ ಕಾಕ್ಸಿಡಿಯಾ ರೋಗಾಣುಗಳು ಬಲಿಯುವುದೂ ಇದೇ ಬೆಚ್ಚನೆಯ ತೇವದಲ್ಲಿ. ಕಾಡುಬೆಕ್ಕಿನಿಂದ ಉಳಿಸಲು ನೆಲದೊಳಗೆ ಇಳಿಸಿದ ಕೋಳಿಯನ್ನು ಆ ನೆಲದ ತೇವವೇ ತಿನ್ನುತ್ತದೆ.

ಇದಕ್ಕಿಂತ ದೊಡ್ಡ ಆತಂಕ ಮನೆಯವರದೇ. ಮಲೆನಾಡಿನ ಅನೇಕ ಕಡೆ ಮೇಲೆ ಗಟ್ಟಿಯಾದ ಜಂಬಿಟ್ಟಿಗೆ ಇದ್ದು, ಅದರಡಿಯಲ್ಲಿ ಶೇಡಿ ಮಣ್ಣಿರುತ್ತದೆ. ಒಣಗಿದ್ದಾಗ ಅದು ನಂಬಿಕಸ್ತ. ನೀರು ಕುಡಿದಾಗ ಬಲ ಕಳೆದುಕೊಳ್ಳುತ್ತದೆ. ಗುಡ್ಡದ ಬುಡವನ್ನು ಕಡಿದರೆ ಮೇಲಿನ ಭಾರಕ್ಕಿದ್ದ ಆಸರೆಯೇ ತಪ್ಪುತ್ತದೆ. 2018ರ ಆಗಸ್ಟ್ ತಿಂಗಳಲ್ಲಿ ಕೊಡಗಿನಲ್ಲಿ ಗುಡ್ಡಗಳು ಜಾರಿದಾಗ, ಅತಿವೃಷ್ಟಿಯ ಜೊತೆಗೆ ರಸ್ತೆ, ಮನೆಗಳಿಗಾಗಿ ಇಳಿಜಾರನ್ನು ಕಡಿದದ್ದೂ ಕಾರಣವೆಂದು ಭೂವಿಜ್ಞಾನಿಗಳು ಗುರುತಿಸಿದರು. 2024ರ ಜುಲೈ ತಿಂಗಳಲ್ಲಿ ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಹೆದ್ದಾರಿಯ ಬದಿಯ ಗುಡ್ಡ ಕುಸಿದು ಜೀವಹಾನಿಯಾಯಿತು. ಕೋಳಿಗೂಡಿಗಾಗಿ ಕಡಿಯುವ ಧರೆ ಚಿಕ್ಕದೆಂಬುದು ನಿಜ. ಆದರೆ ಅದರ ಕೆಳಗೆ ಮಲಗುವುದು ಕೋಳಿಗಳಷ್ಟೇ ಅಲ್ಲ.

ಮೇಲೆ ಮಣ್ಣು ಮುಚ್ಚುವ ವಿಚಾರಕ್ಕೆ ಸರಳ ಲೆಕ್ಕವೇ ಉತ್ತರ. 20 ಕೋಳಿಗಳಿಗೆ ತಲಾ 2 ಚದರಡಿ ಮತ್ತು ಓಡಾಟದ ಜಾಗ ಸೇರಿ 10 ಅಡಿ ಉದ್ದ, 6 ಅಡಿ ಅಗಲದ ಗೂಡು ಧಾರಾಳವಾಗಿ ಸಾಕು. ಆ 60 ಚದರಡಿಯ ಮೇಲೆ ಒಂದು ಅಡಿ ಮಣ್ಣು ಹರಡಿದರೆ, ಮಳೆಯಲ್ಲಿ ನೆನೆದಾಗ ಅದರ ತೂಕ ಸುಮಾರು 3 ಟನ್. ಗೆದ್ದಲು ಹಿಡಿಯುವ ಮರದ ತೊಲೆಗಳ ಮೇಲೆ ಅಷ್ಟು ಭಾರವನ್ನು ಹೇರಿ, ಅದರಡಿಗೆ ಮೊಟ್ಟೆ ಆರಿಸಲು ಮಕ್ಕಳನ್ನು ಕಳುಹಿಸುವುದು ವಿವೇಕವಲ್ಲ. ಭೂಗತ ಮನೆಗಳನ್ನು ಕುರಿತು 1978ರಲ್ಲಿ ಪುಸ್ತಕ ಬರೆದ ಅಮೆರಿಕದ ಮೈಕ್ ಓಲರ್ ಅವರೂ ಗುಡ್ಡದ ಕಡೆಯ ಗೋಡೆಗೆ ನೀರು ಬಂದು ನಿಲ್ಲಬಾರದೆಂದು ಆ ಕಡೆ ತೆರೆದ ಅಂಗಳ ಬಿಡಲು ಸೂಚಿಸಿದ್ದರು. ಹಿಮ ಬೀಳುವ ನಾಡಿನಲ್ಲೇ ನೀರಿನ ಬಗ್ಗೆ ಇಷ್ಟು ಎಚ್ಚರವಿದ್ದರೆ, ಮಲೆನಾಡಿನಲ್ಲಿ ಅದು ಇಮ್ಮಡಿಯಾಗಬೇಕು.

ಆದುದರಿಂದ ಮಲೆನಾಡಿಗೆ ಒಪ್ಪುವ ಕ್ರಮವೆಂದರೆ ಗೂಡನ್ನು ಮಣ್ಣಿನೊಳಗೆ ಇಳಿಸದೆ, ಮಣ್ಣನ್ನೇ ಗೂಡಿನ ಗೋಡೆಗೆ ಏರಿಸುವುದು. ಧರೆಯಿಂದ ಕನಿಷ್ಠ ಅದರ ಎತ್ತರದಷ್ಟಾದರೂ ದೂರದಲ್ಲಿ, ನೀರು ನಿಲ್ಲದ ಜಾಗದಲ್ಲಿ ಗೂಡಿರಲಿ. ನೆಲಗಟ್ಟು ಒಂದೂವರೆ ಅಡಿ ಎತ್ತರವಿರಲಿ. ಪಶ್ಚಿಮ ಮತ್ತು ದಕ್ಷಿಣಕ್ಕೆ ಜಂಬಿಟ್ಟಿಗೆಯ ಗೋಡೆ ಕಟ್ಟಿ, ಹೊರಗಿನಿಂದ 3 ಅಡಿ ಎತ್ತರಕ್ಕೆ, ಬುಡದಲ್ಲಿ ಅಗಲವಾಗಿ ಮಣ್ಣು ಒತ್ತಬೇಕು. ಮುಂಗಾರಿನ ಗಾಳಿ ಬೀಸುವುದೂ, ಬೇಸಿಗೆಯ ಇಳಿಬಿಸಿಲು ಹೊಡೆಯುವುದೂ ಆ ದಿಕ್ಕಿನಿಂದಲೇ; ಒಂದೇ ದಿಬ್ಬ ಎರಡನ್ನೂ ತಡೆಯುತ್ತದೆ. ಗೋಡೆಗೂ ಮಣ್ಣಿಗೂ ನಡುವೆ ದಪ್ಪ ಪ್ಲಾಸ್ಟಿಕ್ ಹಾಳೆ, ದಿಬ್ಬದ ಬುಡದಲ್ಲಿ ಜಲ್ಲಿಕಲ್ಲು ತುಂಬಿದ ಬಸಿಗಾಲುವೆ ಅವಶ್ಯ. ಮಣ್ಣನ್ನು ಧರೆಯಿಂದ ಕಡಿಯದೆ, ಕಾಲುವೆ ತೋಡಿದಾಗ ಬಂದುದನ್ನೂ ಕೆರೆಯ ಹೂಳನ್ನೂ ಬಳಸಬಹುದು. ದಿಬ್ಬದ ಮೇಲೆ ಲಾವಂಚ ನೆಟ್ಟರೆ ಬೇರು ಮಣ್ಣನ್ನು ಹಿಡಿದಿಡುತ್ತದೆ.

ಪೂರ್ವ ಮತ್ತು ಉತ್ತರಕ್ಕೆ ಅರ್ಧ ಅಂಗುಲ ಕಣ್ಣಿನ ಗಟ್ಟಿ ತಂತಿ ಬಲೆ ಇರಲಿ. ಪಶ್ಚಿಮದ ಗೋಡೆಯ ನೆತ್ತಿಯಲ್ಲೂ ಸೂರಿನ ಮರೆಯಲ್ಲಿ ಒಂದು ಅಡಿ ಬಲೆ ಬಿಟ್ಟರೆ ಬಿಸಿ ಗಾಳಿ ಅಲ್ಲಿಂದ ಹೊರಬೀಳುತ್ತದೆ. ಹಗುರವಾದ ಹೆಂಚಿನ ಮಾಡು, 3 ಅಡಿ ಹೊರಚಾಚಿದ ಸೂರು, ತಲಾ 8 ಅಂಗುಲದಂತೆ ಕೂರುವ ಗಳ, ಒಣಗಿದ ಭತ್ತದ ಹೊಟ್ಟು ಇಷ್ಟಿದ್ದರೆ ಸಾಕು. ದಿಬ್ಬದಲ್ಲಿ ಇಲಿ ಬಿಲ ತೋಡದಂತೆ ನೋಡಿಕೊಳ್ಳಬೇಕು. ಇಲಿಯ ಹಿಂದೆ ಹಾವು ಬರುತ್ತದೆ.

ವಿದ್ಯಾರ್ಥಿಗಳಿಗೆ ಇಲ್ಲೊಂದು ಕೆಲಸವಿದೆ. ಗೂಡು ಕಟ್ಟುವ ಜಾಗದಲ್ಲಿ 3 ಅಡಿ ಆಳದ ಗುಂಡಿ ತೆಗೆದು, ಮೇಲಿನಿಂದ ಮಳೆನೀರು ಬೀಳದಂತೆ ಮುಚ್ಚಿ, ಒಂದು ಮಳೆಗಾಲ ಪೂರ್ತಿ ಪ್ರತಿ ವಾರ ನೀರಿನ ಮಟ್ಟವನ್ನು ಬರೆದಿಡಬೇಕು. ಜಲ ಯಾವ ಮಳೆಗೆ ಎದ್ದಿತು, ಯಾವಾಗ ಇಳಿಯಿತು ಎಂಬ ದಾಖಲೆ ಕೋಳಿಗೂಡಿಗೆ ಮಾತ್ರವಲ್ಲ, ಮುಂದೆ ಆ ಊರಿನಲ್ಲಿ ಮನೆ ಕಟ್ಟುವವರಿಗೂ, ರಸ್ತೆ ತೆಗೆಯುವವರಿಗೂ ಬೇಕಾದುದು. ಒಂದು ಮಳೆಗಾಲ ಕಾದು ಕಟ್ಟಿದ ಗೂಡು ಹಲವು ಮಳೆಗಾಲ ನಿಲ್ಲುತ್ತದೆ.