ತಾತನ ಜೋಕು, ಕುಕ್ಕರ್ ಸೀಟಿ ಮತ್ತು ಮಿದುಳಿನ 300 ಮಿಲಿಸೆಕೆಂಡು

ಇವತ್ತು ಮೊದಲು ನನ್ನದೊಂದು ಎಡವಟ್ಟು ಹೇಳ್ಕೊಂಡುಬಿಡ್ತೀನಿ, ಆಮೇಲೆ ಮಿದುಳಿನ ಕಡೆ ಹೋಗೋಣ.

ಎರಡು ವರ್ಷದ ಹಿಂದೆ ನಮ್ಮ ತಾತನ ಹತ್ರ ಕೂತು ಒಂದು ಗಂಟೆ ಮಾತು ರೆಕಾರ್ಡ್ ಮಾಡಿದ್ದೆ. ಅವರ ಮುಂದೆ ಒಂದು ಫೋನು, ನನ್ನ ಮುಂದೆ ಇನ್ನೊಂದು. ಶುರುವಿನಲ್ಲಿ ಒಂದು ಚಪ್ಪಾಳೆ. ಎಡಿಟ್ ಮಾಡುವಾಗ ಎರಡೂ ಫೈಲಿನ ಚಪ್ಪಾಳೆ ಒಂದೇ ಕಡೆ ತಂದರೆ ಮುಗೀತು ಅನ್ನೋದು ನನ್ನ ಲೆಕ್ಕ. ಮೊದಲ ಹತ್ತು ನಿಮಿಷ ಸರಿಯಾಗೇ ಇತ್ತು. ಕೊನೆಗೆ ಬರುವಷ್ಟರಲ್ಲಿ ತಾತ ಜೋಕು ಮುಗಿಸೋಕೆ ಮುಂಚೆನೇ ನಾನು ನಗ್ತಾ ಇದ್ದೀನಿ! ಕಾಲು ಸೆಕೆಂಡಿನಷ್ಟು ವ್ಯತ್ಯಾಸ. ತಾತ ಈಗಿಲ್ಲ, ಮತ್ತೆ ರೆಕಾರ್ಡ್ ಮಾಡೋ ಮಾತೇ ಇಲ್ಲ.

ಯಾಕೆ ಹೀಗಾಯ್ತು ಅಂತ ಹುಡುಕ್ತಾ ಹೋದಾಗ ಸಿಕ್ಕಿದ್ದು ನರವಿಜ್ಞಾನಿಗಳ ತಲೆನೋವು.

ಪ್ರತಿ ಫೋನು, ಲ್ಯಾಪ್‌ಟಾಪಿನ ಒಳಗೆ ಸಮಯ ಎಣಿಸೋಕೆ ಒಂದು ಸಣ್ಣ ಕ್ವಾರ್ಟ್ಜ್ ಹರಳು ಇರುತ್ತೆ. ಯಾವ ಎರಡು ಹರಳೂ ಒಂದೇ ವೇಗದಲ್ಲಿ ಮಿಡಿಯಲ್ಲ. ಹತ್ತು ಲಕ್ಷಕ್ಕೆ 50 ಭಾಗ ವ್ಯತ್ಯಾಸ ಇದೆ ಅಂದ್ಕೊಳ್ಳಿ. ಏನೂ ಅಲ್ಲ ಅನ್ಸುತ್ತೆ ಅಲ್ವಾ? ನಿಮಿಷಕ್ಕೆ 3 ಮಿಲಿಸೆಕೆಂಡ್, ಗಂಟೆಗೆ 180. ಬಡ್ಡಿ ಲೆಕ್ಕದ ಹಾಗೆ, ಸುಮ್ನೆ ಬೆಳೀತಾ ಹೋಗುತ್ತೆ.

ಈಗ ಪ್ರಯೋಗಾಲಯಕ್ಕೆ ಬನ್ನಿ. ಒಬ್ಬರ ತಲೆಗೆ ಇಇಜಿ ಟೋಪಿ ಹಾಕಿದ್ದಾರೆ. ಒಂದೇ ಥರದ ಬೀಪ್ ಶಬ್ದಗಳ ನಡುವೆ ಅಪರೂಪಕ್ಕೆ ಬೇರೆ ಥರದ ಬೀಪ್ ಬರುತ್ತೆ. ಅದನ್ನ ಗಮನಿಸಿದ ಮಿದುಳು ಸುಮಾರು 300 ಮಿಲಿಸೆಕೆಂಡ್ ನಂತರ ಒಂದು ಅಲೆ ಎಬ್ಬಿಸುತ್ತೆ. ಅದಕ್ಕೇ ಹೆಸರು ಪಿ300. ಮೈಕ್ರೋವೋಲ್ಟ್‌ಗಳಲ್ಲಿ ಅಳೆಯೋ ಅಲೆ ಅದು, ಒಂದು ಸಲದ ರೆಕಾರ್ಡಿಂಗ್‌ನಲ್ಲಿ ಗದ್ದಲದೊಳಗೆ ಕಳೆದುಹೋಗಿರುತ್ತೆ. ಹತ್ತಾರು ಸಲದ್ದನ್ನ ಒಂದರ ಮೇಲೊಂದು ಇಟ್ಟು ಸರಾಸರಿ ತೆಗೆದರೆ ಮಾತ್ರ ಕಾಣೋದು. ಬೀಪ್ ಕೊಡೋ ಕಂಪ್ಯೂಟರ್ ಒಂದು, ಇಇಜಿ ದಾಖಲಿಸೋದು ಇನ್ನೊಂದು, ಎರಡರ ಗಡಿಯಾರ ಹೊಂದಿಲ್ಲ ಅಂದ್ರೆ? 300ಕ್ಕೆ ಬರಬೇಕಾದ ಅಲೆ ಗಂಟೆ ಕಳೆಯುವಷ್ಟರಲ್ಲಿ 480ಕ್ಕೆ ಬಂದ ಹಾಗೆ ಕಾಣುತ್ತೆ. ಸರಾಸರಿ ತೆಗೆದಾಗ ಗುಡ್ಡ ಚಪ್ಪಟೆ. ಮಿದುಳು ಪಾಪ ಸರಿಯಾಗೇ ಕೆಲಸ ಮಾಡಿದೆ, ನಾವು ‘ಪ್ರತಿಕ್ರಿಯೆ ದುರ್ಬಲ’ ಅಂತ ಬರ್ಕೋತೀವಿ.

ಇದು ಬರೀ ಪ್ರಬಂಧದ ವಿಷಯ ಅಲ್ಲ. ಫಾರ್ವೆಲ್ ಮತ್ತು ಡಾಂಚಿನ್ 1988ರಲ್ಲೇ ಇದೇ ಅಲೆ ಬಳಸಿ, ಕೈಕಾಲು ಆಡಿಸದೆ ಪರದೆಯ ಮೇಲಿನ ಅಕ್ಷರ ಆರಿಸೋ ವಿಧಾನ ತೋರಿಸಿದ್ದರು. ಯಾವ ಅಕ್ಷರ ಯಾವಾಗ ಮಿನುಗಿತು ಅನ್ನೋ ಸಮಯ ತಪ್ಪಿದರೆ, ಮಾತಾಡಲಾಗದ ಮನುಷ್ಯನ ಬಾಯಿಗೆ ನಾವು ಬೇರೆ ಅಕ್ಷರ ತುರುಕಿದ ಹಾಗೆ.

ಹಳೇ ಉಪಾಯ ಅಂದ್ರೆ ಒಂದು ವೈರು. ಬೀಪ್ ಬಂದ ಕ್ಷಣಕ್ಕೆ ಇಇಜಿ ಯಂತ್ರಕ್ಕೇ ನೇರ ಒಂದು ವಿದ್ಯುತ್ ಸಂಕೇತ. ಇವತ್ತಿಗೂ ಒಳ್ಳೇ ಉಪಾಯವೇ. ಆದರೆ ಕಣ್ಣಿನ ಚಲನೆ, ನಡಿಗೆ, ವಿಆರ್ ಕನ್ನಡಕ ಎಲ್ಲ ಒಟ್ಟಿಗೆ ಅಳೀಬೇಕಾದರೆ ಎಷ್ಟು ವೈರು ಎಳೀತೀರಾ?

ಅಲ್ಲಿಗೆ ಬಂದಿದ್ದು ಲ್ಯಾಬ್ ಸ್ಟ್ರೀಮಿಂಗ್ ಲೇಯರ್, ಚಿಕ್ಕದಾಗಿ ಎಲ್‌ಎಸ್‌ಎಲ್. ಸ್ಯಾನ್ ಡಿಯಾಗೋದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸ್ವಾರ್ಟ್ಜ್ ಕೇಂದ್ರದಲ್ಲಿ ಕ್ರಿಶ್ಚಿಯನ್ ಕೋಥೆ ಶುರು ಮಾಡಿದ್ದು. ಪ್ರತಿ ಯಂತ್ರದ ಡೇಟಾ ಸಮಯದ ಮುದ್ರೆ ಹಾಕಿಸ್ಕೊಂಡು ಲೋಕಲ್ ನೆಟ್‌ವರ್ಕ್‌ಗೆ ಬರುತ್ತೆ, ಒಂದು ರೆಕಾರ್ಡರ್ ಎಲ್ಲವನ್ನೂ ಬರ್ಕೊಳ್ಳುತ್ತೆ. ಜೊತೆಗೆ ಕೆಲವು ಸೆಕೆಂಡಿಗೊಮ್ಮೆ ಆ ಕಂಪ್ಯೂಟರನ್ನ ಕೇಳ್ತಾ ಇರುತ್ತೆ: “ನಿನ್ನ ಗಡಿಯಾರದಲ್ಲಿ ಎಷ್ಟಾಯ್ತು?” ಪ್ರಶ್ನೆ ಹೋಗಿ ಉತ್ತರ ಬರೋಕೆ ಹಿಡಿದ ಸಮಯದಲ್ಲಿ ಅರ್ಧ ಕಳೆದರೆ ಎರಡು ಗಡಿಯಾರದ ಅಂತರ ಸಿಗುತ್ತೆ. ಮತ್ತೆ ಮತ್ತೆ ಕೇಳೋದ್ರಿಂದ ಅಂತರ ಹೇಗೆ ಬೆಳೀತಿದೆ ಅನ್ನೋದೂ ಗೊತ್ತಾಗುತ್ತೆ. ನಾನು ಒಂದೇ ಚಪ್ಪಾಳೆ ಹೊಡೆದೆ, ಇದು ದಾರಿಯುದ್ದಕ್ಕೂ ಹೊಡೀತಾ ಹೋಗುತ್ತೆ.

ಬಿಕಾಂ ಓದಿದವನಿಗೆ ಖುಷಿಯಾದ ವಿಷಯ ಇನ್ನೊಂದಿದೆ. ಎಕ್ಸ್‌ಡಿಎಫ್ ಅನ್ನೋ ಇದರ ಫೈಲಿನಲ್ಲಿ ಮೂಲ ಸಮಯವನ್ನ ಅಳಿಸಲ್ಲ. ಅಂತರದ ಲೆಕ್ಕವನ್ನ ಪಕ್ಕದಲ್ಲಿ ಬೇರೆ ಬರೆದಿಡುತ್ತೆ, ತಿದ್ದೋದು ಫೈಲ್ ತೆರೆಯುವಾಗ. ನಮ್ಮ ಮೇಷ್ಟ್ರೂ ಇದನ್ನೇ ಹೇಳ್ತಿದ್ದರು: ಲೆಡ್ಜರ್‌ನಲ್ಲಿ ಗೀಚಬೇಡ, ತಿದ್ದುಪಡಿಗೆ ಬೇರೆ ಎಂಟ್ರಿ ಹಾಕು.

ಆದರೆ ಇದನ್ನ ಇನ್‌ಸ್ಟಾಲ್ ಮಾಡಿ ನಿಶ್ಚಿಂತೆಯಿಂದ ಕೂರೋ ಹಾಗಿಲ್ಲ. ಮಾದರಿ ಬ್ಲೂಟೂತ್‌ನಲ್ಲಿ ಎಷ್ಟು ಹೊತ್ತು ಕಾಯ್ತು, ಚಿತ್ರ ಪರದೆಗೆ ಎಷ್ಟು ತಡವಾಗಿ ಬಂತು, ಇವು ಎಲ್‌ಎಸ್‌ಎಲ್‌ಗೆ ತಾನಾಗಿ ಗೊತ್ತಾಗಲ್ಲ. 60 ಹರ್ಟ್ಜ್ ಪರದೆ ಹೊಸ ಚಿತ್ರ ತೋರಿಸೋದೇ ಸುಮಾರು 16.7 ಮಿಲಿಸೆಕೆಂಡಿಗೊಮ್ಮೆ. ಪರದೆ ಮೂಲೆಗೆ ಬೆಳಕು ಗುರುತಿಸೋ ಸೆನ್ಸರ್ ಅಂಟಿಸಿ ನೀವೇ ಅಳೀಬೇಕು.

ಇದರ ಮೂಲ ಲೈಬ್ರರಿ ಎಂಐಟಿ ಲೈಸೆನ್ಸ್‌ನಲ್ಲಿದೆ, ದುಡ್ಡಿಲ್ಲ. ಇಲಿಗಳ ಮಿದುಳಿನ ಪ್ರಯೋಗಗಳಿಗೆ ಓಪನ್ ಇಫಿಸ್, ಬೊನ್ಸಾಯ್ ಇವೆ, ಅವೂ ಓಪನ್ ಸೋರ್ಸೇ. ದುಡ್ಡಿಗಿಂತ ನನಗೆ ದೊಡ್ಡದು ಅನ್ಸೋದು, ಸಮಯವನ್ನ ಹೇಗೆ ತಿದ್ದಿದ್ದಾರೆ ಅನ್ನೋದನ್ನ ಯಾವ ವಿದ್ಯಾರ್ಥಿ ಬೇಕಾದರೂ ಕೋಡ್ ತೆಗೆದು ಓದಬಹುದು.

ಅಂದ ಹಾಗೆ, ತಾತನ ಫೈಲು. ಮೊನ್ನೆ ಮತ್ತೆ ಕೇಳ್ತಾ ಕೂತಿದ್ದೆ. ಕೊನೆಯಲ್ಲಿ ಅಡುಗೆಮನೆಯಿಂದ ಅಜ್ಜಿಯ ಕುಕ್ಕರ್ ಸೀಟಿ, ಎರಡೂ ಫೋನಿನಲ್ಲಿ ಸ್ಪಷ್ಟವಾಗಿದೆ! ಅದೇ ನನ್ನ ಎರಡನೇ ಚಪ್ಪಾಳೆ. ಎರಡು ತುದಿ ಹೊಂದಿಸಿ ನನ್ನ ಫೈಲನ್ನ ಚೂರು ಎಳೆದೆ. ಈಗ ತಾತ ಜೋಕು ಮುಗಿಸಿದ ಮೇಲೇ ನಗ್ತೀನಿ. ಮುಂದಿನ ವಾರ ಅದನ್ನ ನಿಮಗೂ ಕೇಳಿಸ್ತೀನಿ.